ಹಲಗೆಯ ಮೇಲಿನ ಎಡಗೈ

ನಮ್ಮ ಆಲ್ಡರ್‌ಕೂಮಿನ ಚರ್ಚಿನ ಹಿಂದೆ, ಒಂದು ಕಾಲಕ್ಕೆ ಉಣ್ಣೆ ತುಂಬಿಡುತ್ತಿದ್ದ ಕಲ್ಲಿನ ಕಣಜದಲ್ಲಿ, ಆಂಬ್ರೋಸ್ ಪೆನ್ನಿಕಾಟ್ ಅವರ ಬದುಕೆಲ್ಲ ಕೂತಿದೆ. ಪುಸ್ತಕದ ರಟ್ಟು, ಅಂಚಿನ ಬಳ್ಳಿ, ಮೊದಲಕ್ಷರ, ಒಳಹಾಳೆಯ ಹೂವು, ಸಂತರ ಚಿತ್ರ ಎಲ್ಲವನ್ನೂ ತಾವೇ ಬರೆದು, ತಾವೇ ಮರದಲ್ಲಿ ಕೆತ್ತಿ, ತಮ್ಮದೇ ಯಂತ್ರದಲ್ಲಿ ಅಚ್ಚು ತೆಗೆಯುತ್ತಿದ್ದವರು. ಮುದಿರಾಣಿ ಆಳುತ್ತಿದ್ದ ಕಾಲದವರು. ಅವರ ಅಚ್ಚುಹಲಗೆಗಳು, ಹಾಳೆಗಳು, ಉಳಿಗಳು ಎಲ್ಲ ಖಾನೆಗಳಲ್ಲಿವೆ. ಬೀಗದ ಕೈ ನನ್ನ ಸೊಂಟದಲ್ಲಿದೆ. ನೋಡಲು ಬಂದವರು ಮೊದಲು ಕೇಳುವುದು, ಈ ಖಾನೆಗಳೇಕೆ ಒಡೆದು ಅಂಟಿಸಿದ ಹಾಗಿವೆ ಎಂದು. ಒಡೆದದ್ದು ನಿಜ. ಅಂಟಿಸಿದವಳು ಅವರ ಮಗಳು ಹೆಸ್ಟರ್. ಅದನ್ನು ಹೇಳಹೊರಟರೆ ನನ್ನ ತಾತ ಸೈಲಸ್ ಟಾನ್ಸಿಯ ಎಡಗೈಯಿಂದಲೇ ಹೇಳಬೇಕಾಗುತ್ತದೆ.

ತಾತ ಎಡಚ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಹೊಲದ ಗೋಡೆ ಕಟ್ಟುವ ಕೆಲಸ ಅವನದು. ಅವನು ಅರ್ಧಕ್ಕೆ ಬಿಟ್ಟ ಗೋಡೆಯನ್ನು ಇನ್ನೊಬ್ಬನಿಗೆ ಮುಂದುವರಿಸಲು ಆಗುತ್ತಿರಲಿಲ್ಲ, ಕಲ್ಲು ಕೂರಿಸುವ ಓರೆಯೇ ಬೇರೆ. ಶಾಲೆಯಲ್ಲಿ ಮೇಷ್ಟ್ರು ಆ ಕೈಯನ್ನು ಬೆನ್ನಿಗೆ ಕಟ್ಟಿ ಕೂರಿಸಿದ್ದರು, ಬೆತ್ತದಲ್ಲಿ ಗೆಣ್ಣು ಒಡೆದಿದ್ದರು. ಕೈ ಬದಲಾಗಲಿಲ್ಲ. ದೇವರು ಕೊಟ್ಟದ್ದನ್ನು ಮೇಷ್ಟ್ರು ಕಿತ್ತುಕೊಳ್ಳುವುದು ಸುಲಭವಲ್ಲ. ಕಲ್ಲುಗಣಿಯವರು ಅವನನ್ನು ಕಂಡಾಗಲೆಲ್ಲ, "ಸೈತಾನ ಯಾವ ಕೈಯಲ್ಲಿ ಉಣ್ತಾನೋ, ಎಡಚ?" ಎನ್ನುವರು. "ನಿನ್ನ ತಟ್ಟೇಲಿ ಉಣ್ಣೋವಾಗ ನೋಡ್ಕೋ" ಎಂದು ತಾತ ಕಲ್ಲು ಎತ್ತಿಕೊಳ್ಳುವನು.

ಆಂಬ್ರೋಸರು ರಟ್ಟಿನ ಮೇಲೆ ಚಿನ್ನದ ರೇಕು ಒತ್ತುತ್ತಿದ್ದರು. ರೇಕು ಎಂದರೆ ಉಸಿರು ತಾಗಿದರೆ ಹಾರುವಂಥದು. ಪುಸ್ತಕ ತುಂಬ ಇದ್ದರೂ ಕರಗಿಸಿದರೆ ಒಂದು ಗುಂಡಿಯಷ್ಟೂ ಆಗದು. ಆದರೆ ಊರ ಬಾಯಲ್ಲಿ ಅದು ಬೆಳೆಯುತ್ತ ಹೋಯಿತು. ಬಿಯರ್ ಅಂಗಡಿಯಲ್ಲಿ ಒಬ್ಬ ಗಟ್ಟಿ ಎಂದ, ಇನ್ನೊಬ್ಬ ಇಟ್ಟಿಗೆ ಎಂದ. ಪೆನ್ನಿಕಾಟ್ ಮನೆಯ ಖಾನೆಗಳ ತುಂಬ ಚಿನ್ನವಿದೆ ಎಂಬುದು ಎಲ್ಲರಿಗೂ ಗೊತ್ತಿರುವ ಸುಳ್ಳಾಯಿತು.

ಸುಗ್ಗಿಯ ಭಾನುವಾರ ಊರೆಲ್ಲ ಚರ್ಚಿನಲ್ಲಿತ್ತು. ಕೆಮ್ಮು ಹತ್ತಿದ್ದರಿಂದ, ಪ್ರಾರ್ಥನೆಗೆ ಅಡ್ಡಿಯಾಗಬಾರದೆಂದು ಆಂಬ್ರೋಸರು ಚರ್ಚಿಗೆ ತಾಗಿದ್ದ ತಮ್ಮ ಮನೆಯಲ್ಲೇ ಉಳಿದಿದ್ದರು. ಮುಖಕ್ಕೆ ಗೋಣಿಚೀಲ ಎಳೆದುಕೊಂಡ ಒಬ್ಬ ಕೆಲಸದ ಕೋಣೆಗೆ ನುಗ್ಗಿದ. ಒಂದೊಂದೇ ಖಾನೆ ಎಳೆದು ನೆಲಕ್ಕೆ ಅಪ್ಪಳಿಸಿದ. ಮರ, ಕಾಗದ, ಮತ್ತೆ ಮರ. ಸದ್ದು ಕೇಳಿ ಆಂಬ್ರೋಸರು ಮಾಳಿಗೆಯಿಂದ ಇಳಿದು ಬಂದರು. ಅಚ್ಚಿನ ಮೊಳೆಗಳನ್ನು ಬಡಿದು ಕೂರಿಸುವ ಮರದ ಕೊಡತಿ ಮೇಜಿನ ಮೇಲೆಯೇ ಇತ್ತು. ಮೊದಲ ಏಟಿಗೆ ದವಡೆ ಮುರಿಯಿತು. ಬಿದ್ದವರ ಪಕ್ಕೆಗೆ, ಕಿವಿಗೆ, ಮತ್ತೆ ಪಕ್ಕೆಗೆ ಬಡಿದ. ಗೋಡೆಯಾಚೆ ಊರು ಬೆಳೆ ಕೊಟ್ಟ ಕರ್ತನನ್ನು ಗಂಟಲು ಬಿಟ್ಟು ಹಾಡುತ್ತಿತ್ತು. ಆ ಹಾಡಿನಲ್ಲಿ ಏಟಿನ ಸದ್ದು ಯಾರಿಗೂ ಕೇಳಿಸಲಿಲ್ಲ.

ಹೆಸ್ಟರ್ ಬಂದು ನೋಡಿದಾಗ ಅಪ್ಪ ಒಡೆದ ಖಾನೆಗಳ ನಡುವೆ ಬಿದ್ದಿದ್ದರು. ಕಳ್ಳ ಸಿಟ್ಟಿನಿಂದ ಹರಿದೆಸೆದ ರೇಕು ಕೋಣೆಯಲ್ಲಿ ತೇಲಾಡಿ, ರಕ್ತ ಕಂಡಲ್ಲೆಲ್ಲ ಅಂಟಿಕೊಂಡಿತ್ತು. ಮುಖದ ಒಂದು ಪಕ್ಕ ಅವರೇ ಬರೆಯುತ್ತಿದ್ದ ಸಂತರ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಪಕ್ಕ ಮುಖವೇ ಇರಲಿಲ್ಲ.

ಅವರು ಕೂಡಲೇ ಸಾಯಲಿಲ್ಲ. ಮಾತು ಹೋಗಿತ್ತು, ಬುದ್ಧಿ ಇತ್ತು. ಯಾರು ಹೊಡೆದದ್ದೆಂದು ಹೆಸ್ಟರ್ ಕೇಳಿ ಕಾಗದ, ಪೆನ್ಸಿಲು ಕೊಟ್ಟಳು. ತಳ್ಳಿಬಿಟ್ಟರು. ಮೂಲೆಯ ಹಲಗೆಯತ್ತ ಬೆರಳು ಮಾಡಿದರು. ಬದುಕಿಡೀ ಮರದಲ್ಲೇ ಮಾತಾಡಿದ ಕೈ, ಸಾಯುವಾಗ ಬೇರೆ ಭಾಷೆ ಕಲಿಯುತ್ತದೆಯೆ? ಅವಳು ಹಲಗೆಗೆ ಕಪ್ಪು ಬಳಿದು, ಎದೆಯ ಮೇಲೆ ಮರಳಿನ ದಿಂಬಿಟ್ಟು, ಅದರ ಮೇಲಿರಿಸಿ ಉಳಿ ಕೊಟ್ಟಳು. ಅವರು ಸ್ವಲ್ಪ ಕೆತ್ತುವರು, ಸ್ವಲ್ಪ ಮೂರ್ಛೆ ಹೋಗುವರು.

ಹೆಸ್ಟರ್ ಆ ಹಲಗೆಯನ್ನು ನೋಡಲಿಲ್ಲ. ಆ ಮನೆಯ ಕಟ್ಟಳೆ ಅದು. ಹಲಗೆಯಲ್ಲಿ ಕೆತ್ತಿದ್ದೆಲ್ಲ ತಿರುವುಮುರುವು, ಎಡ ಬಲವಾಗಿ ಬಲ ಎಡವಾಗಿ ಇರುತ್ತದೆ. ಹಾಳೆಗೆ ಬಿದ್ದಾಗಲೇ ನೇರ. ಅದಕ್ಕೇ ಆಂಬ್ರೋಸರು, "ಹಲಗೆ ಕನ್ನಡಿ ಇದ್ದ ಹಾಗೆ ಮಗಳೇ, ಅದರ ಮಾತು ನಂಬಬೇಡ. ಹಾಳೆ ಬರ್ಲಿ" ಎನ್ನುತ್ತಿದ್ದರು. ಹಾಳೆ ಬರುವವರೆಗೆ ಅವರ ಮನೆಯಲ್ಲಿ ಯಾರೂ ಹಲಗೆ ಇಣುಕುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಅವರ ಪ್ರಾಣ ಹೋದಾಗ ಪಕ್ಕದಲ್ಲಿದ್ದವನು ಓಬೆಡ್, ಹೆಸ್ಟರಳ ತಾಯಿಯ ತಮ್ಮ, ಕಲ್ಲುಗಣಿಯ ಮೇಸ್ತ್ರಿ. ಭಾವ ಆಂಬ್ರೋಸರೆಂದರೆ ಅವನಿಗೆ ದೇವರ ನಂತರದವರು. ಹೆಸ್ಟರ್ ಬಿಸಿನೀರು ತರಲು ಹೋದಾಗ ಅವನು ಹೆಣದ ಎದೆಯ ಮೇಲಿಂದ ಹಲಗೆ ಎತ್ತಿ ನೋಡಿದ. ಕಪ್ಪಿನ ಮೇಲೆ ಬಿಳಿಗೀರು ಕಾಣುತ್ತಿತ್ತು. ಗೋಣಿಮುಖದ ಮನುಷ್ಯ, ಎತ್ತಿದ ಕೊಡತಿ. ಕೊಡತಿ ಎಡಗೈಯಲ್ಲಿತ್ತು. ಕೆಳಗೆ ಎಂದಿನಂತೆ ಒಂದು ಬಳ್ಳಿ.

ಊರಿಗೆ ಎಡಚ ಒಬ್ಬನೇ.

ಮಿಕ್ಕದ್ದನ್ನು ಬಿಯರ್ ಅಂಗಡಿ ಕೂಡಿಸಿತು. ಸೈಲಸ್ ಹಿಂದಿನ ವಾರವಷ್ಟೇ ಆ ಕೋಣೆಯ ಒಲೆ ಕಟ್ಟಿಕೊಟ್ಟಿದ್ದ. ಸುಗ್ಗಿಯ ಭಾನುವಾರ ಚರ್ಚಿಗೆ ಬಂದಿರಲಿಲ್ಲ. ಅಂದು ಅವನ ಹೆಂಡತಿಗೆ ಹೆರಿಗೆಯಾಗುತ್ತಿತ್ತು. ಹುಟ್ಟಿದವಳು ನನ್ನ ತಾಯಿ. ಸೂಲಗಿತ್ತಿ ಅಡ್ಡ ನಿಂತು, ಅವನು ಇಡೀ ಬೆಳಗ್ಗೆ ತನ್ನ ಕಣ್ಣೆದುರೇ ನೀರು ಕಾಯಿಸುತ್ತಿದ್ದನೆಂದು ಹೇಳಿದಳು. ಹೆಂಗಸಿಗೆ ಹೆಂಗಸು ಸಾಕ್ಷಿ ಎಂದು ಅವಳನ್ನು ಪಕ್ಕಕ್ಕೆ ನೂಕಿದರು. ಪೊಲೀಸಿನವನು ಇದ್ದದ್ದು ಮೂರು ಊರಿನಾಚೆ. ಅವನು ಬರುವವರೆಗೆ ಕಾಯುವ ಮನಸ್ಸು ಯಾರಿಗೂ ಇರಲಿಲ್ಲ. ಓಬೆಡ್ ತೀರ್ಮಾನ ಹೇಳಿಬಿಟ್ಟ: ಆ ಕೈ ಪಾಪ ಮಾಡಿದ ಜಾಗದಲ್ಲೇ ಕೈಗೆ ಶಿಕ್ಷೆ, ಆಮೇಲೆ ಮನುಷ್ಯನನ್ನು ಹಳೆಯ ಗಣಿಯಲ್ಲಿ ನಿಂತ ನೀರಿಗೆ ಮುಳುಗಿಸುವುದು.

ತಾತನನ್ನು ಗೋಡೆಯ ಬುಡದಲ್ಲೇ ಹಿಡಿದರು. ಅವನು ಯಾಕೆಂದು ಕೇಳುವ ಮೊದಲು ಬಾಯಿಗೆ ಕಲ್ಲು ಬಿತ್ತು. ಹಲ್ಲು ಉಗುಳಿ ಮತ್ತೆ ಕೇಳಿದ. ಗಣಿಯ ಬೂಟುಗಳಿಗೆ ಕಬ್ಬಿಣದ ಅಂಚು ಇರುತ್ತದೆ. ಅವು ಅವನ ತೊಡೆ, ಬೆನ್ನು, ವೃಷಣ ಎಂದು ನೋಡದೆ ಬಿದ್ದವು. ಕೂದಲು ಹಿಡಿದು ಓಣಿಯುದ್ದಕ್ಕೂ ಎಳೆದರು. ಕೂಸನ್ನೆತ್ತಿಕೊಂಡೇ ಓಡಿಬಂದ ಅಜ್ಜಿಯನ್ನು ಯಾರೋ ಹಿಮ್ಮುಖವಾಗಿ ತಳ್ಳಿದರು. ಅವಳು ಕೂಸನ್ನು ಮೇಲೆ ಹಿಡಿದು ತಾನು ಕಲ್ಲಿನ ಮೇಲೆ ಬಿದ್ದಳು. ಎಳೆಯುತ್ತಿದ್ದವರೆಲ್ಲ ಪ್ರತಿ ಭಾನುವಾರ ಚರ್ಚಿನಲ್ಲಿ ಅವನ ಪಕ್ಕದ ಬೆಂಚಿನಲ್ಲಿ ಕೂರುವವರೇ. ಮನುಷ್ಯನ ಎದೆಯಲ್ಲಿ ಎರಡು ಕೋಣೆ, ಒಂದರ ಕಿಟಕಿ ಇನ್ನೊಂದಕ್ಕೆ ತೆರೆಯದು ಎಂದು ನನ್ನಜ್ಜಿ ಹೇಳುತ್ತಿದ್ದಳು.

ಕೆಲಸದ ಕೋಣೆಯಲ್ಲಿ ಕಬ್ಬಿಣದ ಅಚ್ಚುಯಂತ್ರ ನಿಂತಿತ್ತು. ಕೆಳಗೆ ಹಾಸು, ಮೇಲೆ ಭಾರದ ಕಬ್ಬಿಣದ ಚಪ್ಪಡಿ. ಹಿಡಿಕೆ ಎಳೆದರೆ ಮೇಲಿನದು ಕೆಳಗಿನದನ್ನು ಅಪ್ಪುತ್ತದೆ. ನಾಲ್ವರು ತಾತನನ್ನು ಒತ್ತಿ ಹಿಡಿದು ಎಡಗೈಯನ್ನು ಹಾಸಿನ ಮೇಲೆ ಚಾಚಿಸಿದರು. ಓಬೆಡ್ ಹಿಡಿಕೆ ಎಳೆದ. ಹಸಿ ಸೌದೆ ಮುರಿದ ಸದ್ದಾಯಿತು. ತಾತನ ಬಾಯಿಂದ ಬಂದದ್ದು ಕೂಗೂ ಅಲ್ಲ, ಅಳುವೂ ಅಲ್ಲ. ಕಣ್ಣು ಮೇಲಾಯಿತು. ಮಸಿ ತೊಳೆಯುವ ಕ್ಷಾರದ ಉರಿನೀರನ್ನು ಮುಖಕ್ಕೆ ಎರಚಿ ಎಬ್ಬಿಸಿದರು. ಗಣಿಗೆ ನಡೆಸಬೇಕಾಗಿತ್ತಲ್ಲ.

ಮಾಳಿಗೆಯಲ್ಲಿ ಹೆಸ್ಟರ್ ಅಪ್ಪನ ಮೈ ತೊಳೆಯುತ್ತಿದ್ದಳು. ಬೀದಿಯ ಗದ್ದಲ ಅವಳ ಕಿವಿಗೆ ಬಿದ್ದರೂ ಮನಸ್ಸಿಗೆ ಬಿದ್ದಿರಲಿಲ್ಲ. ಹಿಡಿಕೆಯ ಸದ್ದು ಬಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಅಪ್ಪ ಇಲ್ಲಿ ಮಲಗಿರುವಾಗ ಕೆಳಗೆ ಅಚ್ಚು ತೆಗೆಯುವವರು ಯಾರು? ಒದ್ದೆ ಕೈಯಲ್ಲೇ ಇಳಿದು ಬಂದಳು.

"ಯಂತ್ರ ಎಳೆದವ್ರು ಯಾರು, ಮಾಮ?"

ಓಬೆಡ್ ಹಲಗೆಯನ್ನು ಅವಳ ಮುಖದ ಮುಂದೆ ಹಿಡಿದ. "ನಿಮ್ಮಪ್ಪಾನೇ ಹೇಳಿ ಹೋಗಿದಾರೆ, ನೋಡು. ಎಡಗೈ."

ಅವಳು ನೋಡಿದಳು. ಯಂತ್ರದಲ್ಲಿ ಸಿಕ್ಕಿದ್ದ ಕೈಯನ್ನೂ ನೋಡಿದಳು.

"ಇದು ಹಲಗೆ, ಮಾಮ."

"ಹೂಂ, ಹಲಗೆ."

"ಹಾಳೆ ಎಲ್ಲಿ?"

ಹಾಳೆಯೂ ಬೇಡ ಗೀಳೆಯೂ ಬೇಡ, ಕತ್ತಲಾಗುತ್ತದೆ, ಗಣಿಗೆ ನಡೆಯಿರಿ ಎಂದು ಹಿಂದಿನಿಂದ ಗೊಣಗಿದರು. ಹೆಸ್ಟರ್ ಹಿಡಿಕೆಗೆ ಕೈಹಾಕಿದಾಗ ಒಬ್ಬ ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಅವಳು ಹಿಡಿಕೆ ಬಿಡಲಿಲ್ಲ.

"ಗಣಿ ಎಲ್ಗೂ ಓಡಿಹೋಗಲ್ಲ. ಅಪ್ಪ ಕಡೇದಾಗಿ ಕೆತ್ತಿದ್ದು. ಒಂದು ಹಾಳೆ ತೆಗೀರಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ಸತ್ತವರ ಹೆಸರು ಬಂದಾಗ ಓಬೆಡ್ ಕೈಯೆತ್ತಿ ಉಳಿದವರನ್ನು ತಡೆದ. ಹೆಸ್ಟರ್ ಭಾರವನ್ನು ಮೇಲೆತ್ತಿ ತಾತನ ಕೈಯನ್ನು ಬಿಡಿಸಿ ಅವನ ಎದೆಗೇ ಇಟ್ಟಳು. ಅದು ಕೈಯ ಆಕಾರದಲ್ಲಿರಲಿಲ್ಲ. ಹಾಸಿನ ಮೇಲೆ ರಕ್ತ ನಿಂತಿತ್ತು, ಒರೆಸಲಿಲ್ಲ. ಹಲಗೆಗೆ ಮಸಿ ಉರುಳಿಸಿ, ಆ ರಕ್ತದಲ್ಲೇ ಕೂರಿಸಿ, ಹಾಳೆ ಹಾಸಿ, ಎಳೆಯುವಂತೆ ಮಾಮನಿಗೆ ಹೇಳಿದಳು. ಅವನು ಎಳೆದ. ಅವಳು ಹಾಳೆಯನ್ನು ಒಂದು ತುದಿಯಿಂದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು.

ಕೊಡತಿ ಬಲಗೈಯಲ್ಲಿತ್ತು.

ಒಬ್ಬ ಹಾಳೆಯ ಹಿಂದೆ ಹೋಗಿ ನೋಡಿ ಬಂದ. ಆಮೇಲೆ ಅವರ ಕಣ್ಣು ಕೆಳಗಿಳಿಯಿತು. ಹಲಗೆಯಲ್ಲಿ ಬಳ್ಳಿಯೆಂದು ಕಂಡದ್ದು ಬಳ್ಳಿಯಾಗಿರಲಿಲ್ಲ, ಬರಹವಾಗಿತ್ತು. ಆಂಬ್ರೋಸರ ಅಕ್ಷರಗಳು ಎಲೆಯೊಳಗೆ ಎಲೆ ಸುತ್ತಿಕೊಂಡಂಥವು. ಪೆನ್ನಿಕಾಟನ ಮುಖಪುಟ ಓದಲು ಮೊದಲು ಉಪವಾಸ ಮಾಡಬೇಕು ಎಂದು ಆಗಿನ ಪಾದ್ರಿಯೇ ತಮಾಷೆ ಮಾಡುತ್ತಿದ್ದರು. ಓಬೆಡ್ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಮಗುವಿನ ಹಾಗೆ ಕೂಡಿಸಿ ಓದಿದ.

"ಅವನನ್ನು ಬಿಟ್ಟುಬಿಡಿ."

ಹೆಸ್ಟರ್ ಹಾಳೆಯನ್ನು ಇಳಿಸಿದಳು. ಅವಳ ತುಟಿಯ ರಕ್ತ ಗಲ್ಲಕ್ಕೆ ಇಳಿದಿತ್ತು. ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ನೋಡಿದಳು.

"ಬಲಗೈಯವನು ಅಂತಾಯ್ತು. ಈಗ ಹೇಳಿ, ಯಾರ ಕೈ ಇಡೋಣ?"

ಒಂದು ಕೈ ಜೇಬಿಗೆ ಹೋಯಿತು. ಮತ್ತೊಂದು ಬೆನ್ನ ಹಿಂದೆ ಸರಿಯಿತು. ಕೋಣೆಯಲ್ಲಿದ್ದ ಬಲಗೈಗಳೆಲ್ಲ, ಬಿಲ ಹುಡುಕುವ ಇಲಿಗಳಂತೆ, ಕಾಣದಾದವು. ಅವುಗಳಲ್ಲಿ ಯಾವುದಾದರೂ ಕೊಡತಿ ಹಿಡಿದದ್ದಿತ್ತೋ, ಎಲ್ಲವೂ ಬೇರೆ ಬೇರೆ ನೆನಪಿಗೆ ಹೆದರಿದವೋ, ಅದು ಕರ್ತನಿಗೆ ಗೊತ್ತು. ನಮಗೆ ಇಂದಿಗೂ ಗೊತ್ತಿಲ್ಲ. ಪೊಲೀಸಿನವನು ಬಂದು ವಿಚಾರಿಸಿದ, ಹೋದ.

ಅಡಗದೆ ಉಳಿದದ್ದು ಓಬೆಡನ ಕೈ. ಅವನು ಅಂಗಿಯ ತೋಳು ಮಡಿಸಿ, ಮಂಡಿಯೂರಿ, ತನ್ನ ಬಲಗೈಯನ್ನು ಹಾಸಿನ ಮೇಲೆ ಚಾಚಿದ.

"ಎಳಿಯೋ ಸೈಲಸ್. ಕಳ್ಳ ಯಾರೋ ನಂಗೊತ್ತಿಲ್ಲ. ನಿನ್ನ ಕೈ ಮುರಿದದ್ದಂತೂ ಇದೇ ಕೈ."

ಕೆಲವರು ಅಳುತ್ತಿದ್ದರಂತೆ. ತಾತ ಗೋಡೆಗೊರಗಿ ಎದ್ದು, ಕುಂಟುತ್ತ ಯಂತ್ರದ ಬಳಿಗೆ ಬಂದ. ಊದಿದ ಕಣ್ಣಿಂದ ಹಿಡಿಕೆಯನ್ನು ನೋಡಿದ, ಆ ಕೈಯನ್ನು ನೋಡಿದ, ಹೆಸ್ಟರಳ ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ಓಬೆಡ್ ಓದಿದ್ದನ್ನು ಕೇಳಿದ್ದ.

"ಎಡಗೈ ಇಲ್ದೆ ನಂಗೆ ಎಳಿಯೋಕೆ ಬರಲ್ಲ, ಓಬೆಡ್. ಏಳು. ನನ್ನನ್ನ ಮನೆಗೆ ಕರ್ಕೊಂಡ್ಹೋಗು."

ಕೂದಲು ಹಿಡಿದು ಎಳೆದು ತಂದ ಓಣಿಯಲ್ಲೇ ಅವನನ್ನು ಕಿತ್ತ ಬಾಗಿಲೊಂದರ ಮೇಲೆ ಹೊತ್ತು ಒಯ್ದರು. ವೈದ್ಯರು ಬೆರಳುಗಳನ್ನು ತೆಗೆದರು, ಹೆಬ್ಬೆರಳೊಂದು ಉಳಿಯಿತು. ಬಿಟ್ಟುಬಿಡಿ ಎಂದು ಆಂಬ್ರೋಸರು ಹೇಳಿದ್ದು ಯಾರನ್ನು ಎಂದು ಊರು ವರ್ಷಗಟ್ಟಲೆ ವಾದಿಸಿತು. ಹೊಡೆದವನನ್ನೇ ಕ್ಷಮಿಸಿದರು ಎನ್ನುವವರು ಕೆಲವರು. ಸಾಯುವವರಿಗೆ ಮುಂದಿನದು ಕಾಣುತ್ತದೆ, ಅದು ಸೈಲಸ್‌ಗಾಗಿ ಬರೆದದ್ದು ಎನ್ನುವವರು ಕೆಲವರು. ನಾನು ಎರಡನ್ನೂ ನಂಬುತ್ತೇನೆ. ಮೇಲಿರುವವನು ಒಂದೇ ಮಾತನ್ನು ಎರಡು ಕಡೆಗೆ ಕಳಿಸಲಾರನೆ?

ಹೆಸ್ಟರ್ ಖಾನೆಗಳನ್ನು ಅಂಟಿಸುತ್ತ ಮುದುಕಿಯಾದಳು. ಸಾಯುವ ಮುನ್ನ ಎಲ್ಲವನ್ನೂ ಊರಿಗೆ ಬರೆದುಕೊಟ್ಟು, ಬೀಗದ ಕೈಯನ್ನು ನನ್ನ ತಾಯಿಗೆ ಕೊಟ್ಟಳು. ಆ ಹಲಗೆ, ಆ ಹಾಳೆ ಒಂದೇ ಖಾನೆಯಲ್ಲಿವೆ. ಹಾಳೆಯ ಕೆಳಮೂಲೆಯಲ್ಲಿ ಮಸಿಯಲ್ಲದ ಒಂದು ಕಂದು ಅಂಚಿದೆ. ಪಟ್ಟಣದಿಂದ ಬಂದ ಪಂಡಿತರು ಅದನ್ನು ಶುಚಿಮಾಡಿಸೋಣವೆ ಎಂದು ಕೇಳುತ್ತಾರೆ. ಬೇಡ ಎನ್ನುತ್ತೇನೆ.

ಗಾಯ ಮಾಗಿದ ಮೇಲೆ ತಾತ ಮೊದಲ ಬಾರಿ ಚರ್ಚಿಗೆ ಹೋದ ದಿನವನ್ನು ಅಜ್ಜಿ ನಗುತ್ತಲೇ ಹೇಳುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಲೂ. ಪ್ರಸಾದದ ರೊಟ್ಟಿಗೆ ಎಲ್ಲರೂ ಸಾಲಾಗಿ ಮಂಡಿಯೂರಿದ್ದರು, ಓಬೆಡ್ ಅವನ ಪಕ್ಕದಲ್ಲಿ. ಪಾದ್ರಿ ಬಂದಾಗ ತಾತ, ಬದುಕಿನಲ್ಲಿ ಮೊದಲ ಸಲ, ಬಲಗೈ ಚಾಚಿದ. ರೂಢಿಯಿಲ್ಲದ ಕೈ ಓರೆಯಾಗಿ ತುಣುಕು ಬೀಳುವುದರಲ್ಲಿತ್ತು. ಓಬೆಡ್ ಕೆಳಗಿನಿಂದ ತನ್ನ ಅಂಗೈ ಕೊಟ್ಟ.

"ಈಗ ನಾನೂ ಬಲಗೈಯವನೇ ಕಣೋ" ಎಂದ ತಾತ, ಸಾಲಿಗೆಲ್ಲ ಕೇಳುವಂತೆ. "ನನ್ನನ್ನೂ ಒಂಚೂರು ಅನುಮಾನಿಸ್ರಪ್ಪ."