ಡೊಮಿತಿಲಾ ಗಂಡನನ್ನು ಮಲಗಲು ಬಿಡಲಿಲ್ಲ

ಮೀನು ಮಾರಿ ಬಂದು ತಿಂಡಿಗೆ ಕೂತಿದ್ದ ಎಲಿಹಿಯೋನ ಬಲಗೈಯಿಂದ ಕಾಫಿ ಲೋಟ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳುಗಳು ಮಾತು ಕೇಳಲಿಲ್ಲ. ಹೆಂಡತಿ ಡೊಮಿತಿಲಾ ತಿರುಗಿ ನೋಡಿದಳು. ಅವನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

"ಗಾಳಿ ಬಡಿದಿದೆ, ಅಷ್ಟೆ," ಎಂದರು ಅತ್ತೆ ಚೆಂಚಾ. "ಸೊಪ್ಪು ನೆನೆಸಿದ ಸಾರಾಯಿ ತಿಕ್ತೀನಿ. ಒಂದು ನಿದ್ದೆ ತೆಗೆದ್ರೆ ಸರಿಹೋಗ್ತಾನೆ."

ಎಲಿಹಿಯೊ ತಾನು ಮಲಗುವ ಜೋಲಿಯ ಕಡೆ ತೂರಾಡುತ್ತ ಹೊರಟ. ಡೊಮಿತಿಲಾ ಅಡ್ಡ ನಿಂತಳು. ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ಲಕ್ವ ಗುರುತಿಸುವುದು ಹೇಗೆಂದು ನರ್ಸ್ ರೆಫುಹಿಯೊ ಹೇಳಿದ್ದು ಅವಳಿಗೆ ನೆನಪಿತ್ತು.

"ಎರಡೂ ಕೈ ಎತ್ತು ನೋಡೋಣ."

ಬಲಗೈ ಸೋತು ಕೆಳಗಿಳಿಯಿತು.

"ನಿನ್ನ ದೋಣಿ ಹೆಸರು ಹೇಳು."

ತೊದಲಿದ. ಒಂದಕ್ಷರವೂ ತಿಳಿಯಲಿಲ್ಲ.

"ಅತ್ತೆ, ಇದು ಗಾಳಿಯಲ್ಲ, ಲಕ್ವ. ಮೆದುಳಿಗೆ ಬಡಿದಿದೆ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

"ಇವನನ್ನ ಹೆತ್ತು ಸಾಕಿದೋಳು ನಾನು. ನಂಗೇ ಹೇಳ್ಕೊಡ್ತೀಯಾ?"

"ಹೇಳ್ಕೊಡ್ತೀನಿ! ಆಮೇಲೆ ಇಡೀ ಓಣಿಗೆ ಕೇಳೋಹಂಗೆ ಬಯ್ಯಿರಿ. ಈಗ ದಾರಿ ಬಿಡಿ."

"ಒಂದು ಗುಟುಕು ಕಾಫಿನಾದ್ರೂ ಕುಡಿಸ್ತೀನಿ ತಾಳೇ."

"ಬೇಡ, ನುಂಗೋಕಾಗ್ದೆ ಉಸಿರು ಕಟ್ಟುತ್ತೆ."

"ಆಸ್ಪಿರಿನ್?"

"ಅದೂ ಬೇಡ. ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಯಾರಿಗೆ ಗೊತ್ತು?"

ಆಂಬುಲೆನ್ಸ್ ನದಿಯಾಚೆ ಇದೆ, ಬರಲು ತಡವಾಗುತ್ತದೆ ಎಂದು ಫೋನಿನಲ್ಲಿ ಹೇಳಿದರು. ಡೊಮಿತಿಲಾ ಬೀದಿಗಿಳಿದು ಮಂಜುಗಡ್ಡೆ ಲಾರಿಗೆ ಅಡ್ಡ ನಿಂತಳು.

"ಗಡ್ಡೆ ಕರಗುತ್ತೆ ಕಣಮ್ಮ!" ಎಂದು ಚಾಲಕ ಚೆಮಾ ಕೂಗಿದ.

"ಕರಗ್ಲಿ! ನನ್ನ ಗಂಡನ ಮೆದುಳು ಸಾಯ್ತಿದೆ. ಸ್ಕ್ಯಾನ್ ಇರೋ ದೊಡ್ಡಾಸ್ಪತ್ರೆಗೆ ನಡಿ."

"ಯಾವಾಗ ಶುರುವಾಯ್ತು?" ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ ಮೊದಲ ಮಾತೇ ಅದು.

"ಲೋಟ ಕೈಜಾರಿದಾಗ ಇಗರ್ಜಿಯಲ್ಲಿ ಬೆಳಗಿನ ಏಳರ ಗಂಟೆ ಹೊಡೀತಿತ್ತು."

ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ, ನಾಳ ಕಟ್ಟಿತ್ತು. ಹೆಪ್ಪು ಕರಗಿಸುವ ಔಷಧಿ ಕೊಟ್ಟರು. "ಇದನ್ನ ನಾಲ್ಕೂವರೆ ಗಂಟೆಯೊಳಗೇ ಕೊಡ್ಬೇಕು. ಮಲಗಿಸಿದ್ದಿದ್ರೆ ಆ ಹೊತ್ತು ಮೀರ್ತಿತ್ತು," ಎಂದರು ವೈದ್ಯೆ.

ಎಲಿಹಿಯೋಗೆ ಮಾತು ಮರಳಿತು. ಬಲೆಯ ಗಂಟು ಹಾಕುವಾಗ ಬೆರಳು ಇನ್ನೂ ತಡವರಿಸುತ್ತದೆ. ಆದರೂ ಅವನೇ ಹಾಕುತ್ತಾನೆ. ರಕ್ತದೊತ್ತಡದ ಮಾತ್ರೆಗೆ ಈಗ ಚೆಂಚಾ ಅವರೇ ಕಾವಲು: "ಮಾತ್ರೆ ನುಂಗ್ದೆ ದೋಣಿ ಹತ್ತಿದ್ರೆ ಆ ದೋಣಿ ಹುಟ್ಟಿನಿಂದ್ಲೇ ಬಾರಿಸ್ತೀನಿ!"

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಶುರುವಾದ ಹೊತ್ತು ಗುರುತಿಟ್ಟುಕೊಂಡು ಕೂಡಲೇ 108ಕ್ಕೆ ಕರೆ ಮಾಡಿ. ಸ್ವಲ್ಪ ಹೊತ್ತಿನಲ್ಲೇ ಸರಿಹೋದರೂ ಆಸ್ಪತ್ರೆಗೆ ಹೋಗಿ, ತಡವಾಗಿದ್ದರೂ ಹೋಗಿ. ಹಿರಿಯರು ಗದರಲಿ, ರೋಗಿಯೇ ಬೇಡವೆನ್ನಲಿ, ಜಗ್ಗಬೇಡಿ. ಕೋಪ ನಾಳೆ ಇಳಿಯುತ್ತದೆ. ಸತ್ತ ಮೆದುಳು ಮತ್ತೆ ಚಿಗುರುವುದಿಲ್ಲ.