ಎಂಟು ಬಾಗಿಲಿನ ಪೆಟ್ಟಿಗೆ

ನಾನು ಅಂಗೈಯಗಲದ ಒಂದು ತಗಡಿನ ಪೆಟ್ಟಿಗೆ. ಅಜ್ಜಿಕತೆಯ ಅರಮನೆಗೆ ಏಳು ಬಾಗಿಲಾದರೆ ನನಗೆ ಎಂಟು. ಬಾಗಿಲಿಗೊಂದು ಹಸಿರು ದೀಪ. ಕಂಪ್ಯೂಟರುಗಳನ್ನು ತಂತಿಯಿಂದ ಒಂದಕ್ಕೊಂದು ಬೆಸೆಯುವ ನನ್ನನ್ನು ಜನ ನೆಟ್‌ವರ್ಕ್ ಸ್ವಿಚ್ ಎನ್ನುತ್ತಾರೆ. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದೆ, ಹುಬ್ಬಳ್ಳಿಯ ಅಂಗಡಿಯಲ್ಲಿ ಧೂಳು ತಿಂದೆ. ಕೊನೆಗೆ ಗುರುಪಾದಪ್ಪನವರು ನನ್ನನ್ನು ಧಾರವಾಡದ ತಮ್ಮ ಮನೆಯಲ್ಲೇ ಇದ್ದ ರೆಕಾರ್ಡಿಂಗ್ ಸ್ಟುಡಿಯೋಗೆ ತಂದರು.

ಮೇಜಿನ ಕೆಳಗೆ ನನ್ನ ವಾಸ. ಅಲ್ಲಿಂದ ಮುಖಗಳು ಕಾಣವು, ಪಾದಗಳೇ ಕಾಣುತ್ತವೆ. ನನ್ನ ಮೂರು ಬಾಗಿಲಿಗೆ ಮೂರು ಕಂಪ್ಯೂಟರು. ಒಂದು ಹಾಡು ಹಿಡಿಯುತ್ತಿತ್ತು, ಒಂದು ಗದ್ದಲ ತೊಳೆಯುತ್ತಿತ್ತು, ಇನ್ನೊಂದು ದನಿಗಳನ್ನು ಹದವಾಗಿ ಬೆರೆಸುತ್ತಿತ್ತು. ಮುದ್ರಿಸಿದ ಹಾಡುಗಳನ್ನೆಲ್ಲ ಕೂಡಿಡುವ ಕಣಜ ಮೂರಕ್ಕೂ ಒಂದೇ. ಐದನೆಯ ಬಾಗಿಲಿಂದ ಇಂಟರ್ನೆಟ್ ಬರುತ್ತಿತ್ತು.

ಇದನ್ನೆಲ್ಲ ಜೋಡಿಸಿದವಳು ಹಾಡು ಮುದ್ರಿಸುವ ನೀಲಗಂಗಾ. ಕಣಜಕ್ಕೆ ಪಾಸ್‌ವರ್ಡ್ ಹಾಕೋಣ ಎಂದಳು.

"ಮನಿ ಮಂದಿಗೆ ಎಂಥಾ ಕೀಲಿ ತಂಗಿ? ತಗದಽ ಇರ್ಲಿ" ಎಂದರು ಗುರುಪಾದಪ್ಪ.

ಅವಳು ರಜೆಯಲ್ಲಿದ್ದ ಒಂದು ದಿನ ಯಾವುದೋ ಕೈ ನನ್ನ ನಾಲ್ಕನೆಯ ಬಾಗಿಲಿಗೆ ತಂತಿ ಸಿಕ್ಕಿಸಿತು. ಅದರ ಇನ್ನೊಂದು ತುದಿ ಗೋಡೆಯ ತೂತು ಹೊಕ್ಕು ಮಾಯವಾಯಿತು.

ಆಮೇಲೆ ನಮ್ಮಲ್ಲಿ ಮುದ್ರಿಸಿದ ಸೋಬಾನೆ ಹಾಡುಗಳು ಬಿಡುಗಡೆಗೆ ಮೊದಲೇ ಊರವರ ಫೋನುಗಳಲ್ಲಿ ಮೊಳಗತೊಡಗಿದವು. ಗುರುಪಾದಪ್ಪನವರ ಪಾದಗಳು ಬೆಕ್ಕಿನ ಪಾದಗಳಾದವು. ನೀಲಗಂಗಾಳ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದವು.

"ಸುಮ್ನ ಕೇಳ್ತೀನಿ, ಮನಿಗೆ ಏನರ ಒಯ್ತಿಯೇನು?"

"ಊಟದ ಡಬ್ಬಿ ಒಯ್ತೀನ್ರಿ ಸರ. ತೆರದು ನೋಡ್ರಿ, ಚಟ್ನಿ ಉಳದೈತಿ."

"ನಗಿಚಾಟಿಕಿ ಬ್ಯಾಡ. ಕಳ್ಳ ಸಿಗಲಿಲ್ಲಂದ್ರ ನಾಳಿಂದ ನೀ ಬರಬ್ಯಾಡ."

ಎಲ್ಲರಿಗಿಂತ ಕೊನೆಗೆ ಮನೆಗೆ ಹೊರಡುತ್ತಿದ್ದ ಪಾದಗಳು ಅವಳವೇ. ನನಗೂ ಗುಮಾನಿಯೇ. ಆದರೆ ಅಂದು ಮಧ್ಯಾಹ್ನ ಮೂರು ಕಂಪ್ಯೂಟರೂ ಸುಮ್ಮನಿದ್ದಾಗ ನನ್ನ ನಾಲ್ಕನೆಯ ದೀಪ ಮಿಣಮಿಣ ಕುಣಿಯಿತು. ನೀಲಗಂಗಾ ಮೊಣಕಾಲೂರಿ ಬಗ್ಗಿದಳು. ಮೊದಲ ಸಲ ಅವಳ ಮುಖ ಕಂಡೆ. ಅತ್ತು ಅತ್ತು ಕಣ್ಣುಗಳು ಕೆಂಪಾಗಿದ್ದವು. ಸರಕ್ಕನೆ ಆ ತಂತಿ ಕಿತ್ತಳು.

"ಏ, ಹಾಡಽ ನಿಂತಬಿಡ್ತಲ್ರೀ! ನಮ್ಮ ಬೀಗರಿಗೆ ಕಳಸಾಕ ಹತ್ತಿದ್ದೆ!" ಗೋಡೆಯಾಚೆಯ ಪಡಸಾಲೆಯಿಂದ ದನಿ ಬಂತು. ತನ್ನ ಸರದಿಗೆ ಕಾದು ಕೂತಿದ್ದ ಡೊಳ್ಳಿನ ಫಕೀರಪ್ಪ.

ಬಂದವರಿಗೆ ಬೆಲ್ಲ-ನೀರು ಕೊಡುವುದು ಆ ಮನೆಯ ರೂಢಿ. ಬೆಲ್ಲದ ಜೊತೆ ವೈಫೈಯೂ ಇರಲಿ ಎಂದು ಆ ತಂತಿಯನ್ನು ಪಡಸಾಲೆಯ ವೈಫೈ ಪೆಟ್ಟಿಗೆಗೆ ಎಳೆದವರು ಗುರುಪಾದಪ್ಪನವರೇ! ಕೀಲಿಯಿಲ್ಲದ ಕಣಜ ಕೂತವರ ಫೋನಿಗೆಲ್ಲ ಕಾಣುತ್ತಿತ್ತು.

"ಕಳವಲ್ರೀ ಯಪ್ಪಾ, ಬೆಲ್ಲದ ಜೋಡಿ ಹಾಡೂ ಇಟ್ಟೀರಿ ಅಂದ್ಕೊಂಡೆ" ಎಂದ ಫಕೀರಪ್ಪ.

ಗುರುಪಾದಪ್ಪ ತಪ್ಪಾಯಿತು ಎನ್ನಲಿಲ್ಲ. ತಾವೇ ಬೆಲ್ಲ-ನೀರು ತಂದು ನೀಲಗಂಗಾಳ ಮೇಜಿನ ಮೇಲಿಟ್ಟರು. ಅವಳು ನೀರು ಕುಡಿದು, ಕಣಜಕ್ಕೆ ಕೀಲಿ ಹಾಕಿ, ಡಬ್ಬಿ ಎತ್ತಿಕೊಂಡು ಹೊರಟಳು. ಆ ಪಾದಗಳು ಮತ್ತೆ ಬರಲಿಲ್ಲ.

ಹಳತಾಗಿ ಈಗ ನಾನು ಅಟ್ಟದ ಮೇಲಿದ್ದೇನೆ. ಎಂಟು ದೀಪಗಳೂ ಆರಿವೆ. ಯಾರಾದರೂ ಏಣಿ ಹತ್ತಿದರೆ ನೀಲಗಂಗಾಳ ಹೆಜ್ಜೆಯೇನೋ ಎಂದು ಆಲಿಸುತ್ತೇನೆ. ಅವಳು ಮುಟ್ಟದೆ ಬಿಟ್ಟ ಬೆಲ್ಲವನ್ನು ಅಂದು ಇರುವೆಗಳು ಮೇಜಿನ ಕಾಲಿಳಿದು ನನ್ನ ಮುಂದೆಯೇ ಸಾಲಾಗಿ ಹೊತ್ತೊಯ್ದವು. ಮನೆಗೆ ಏನು ಒಯ್ಯುತ್ತೀರಿ ಎಂದು ಅವುಗಳನ್ನು ಮಾತ್ರ ಯಾರೂ ತಡೆದು ಕೇಳಲಿಲ್ಲ.