ಅತ್ತೆಯ ಸೀಟಿನ ಕೆಳಗಿನ ಪ್ಲಗ್ಗು

ನಮ್ಮತ್ತೆ ಶಿವರತ್ನಮ್ಮ ಆಣೆ ಹಾಕಿದರೆ ಮುಗಿಯಿತು, ಅದನ್ನು ಮುರಿಯಲು ಅವರಿಂದಲೇ ಆಗುವುದಿಲ್ಲ. ನನ್ನ ಮದುವೆಯಾದ ಹೊಸದರಲ್ಲಿ ಅಜ್ಜೀಪುರದ ತವರುಮನೆಯಲ್ಲಿ ಊಟ ಇಟ್ಟಿದ್ದರು. ನಮ್ಮಪ್ಪ ಸದಾಶಿವಪ್ಪ ಗಡಿಬಿಡಿಯಲ್ಲಿ, "ನೀವು ಎರಡ್ನೇ ಪಂಕ್ತೀಲಿ ಕೂತ್ಕಳಿ" ಅಂದುಬಿಟ್ಟ. ಎರಡನೇ ಪಂಕ್ತಿ! ಗಂಡಿನ ತಾಯಿಗೆ! "ಇನ್ನು ಈ ಊರ ಮಣ್ಣು ತುಳುದ್ರೆ ಮಾದಪ್ಪನಾಣೆ" ಎಂದು ಎದ್ದವರು ಮಧುವನಹಳ್ಳಿಗೆ ಬಂದೇ ನೀರು ಕುಡಿದರು.

ಅತ್ತೆ ತುಳಿಯದ ಮಣ್ಣನ್ನು ಸೊಸೆ ತುಳಿಯುವುದುಂಟೆ? ನನ್ನ ತವರಿಗೂ ಬೀಗ ಬಿತ್ತು. ಅಪ್ಪನೇನು ಕಡಿಮೆಯೇ, ತಾನೂ ಬರಲಿಲ್ಲ, ಅವ್ವನನ್ನೂ ಕಳಿಸಲಿಲ್ಲ. ನನ್ನ ಮಗಳು ರೂಪಳಿಗೆ ವರ್ಷವಾಗುತ್ತ ಬಂದರೂ ಅವ್ವ ಅವಳನ್ನು ನೋಡಿದ್ದು ಫೋನಿನಲ್ಲಿ ಮಾತ್ರ. ಒಂದು ಸಲ ಅವ್ವನ ಮಡಿಲಿಗೆ ಮಗು ಹಾಕಬೇಕು ಅಂತ ನನ್ನ ಜೀವ ಬಡಿದುಕೊಳ್ಳುತ್ತಿತ್ತು.

ಮಗುವಿನ ಮುಡಿ ಕೊಡಲು ಮಾದಪ್ಪನ ಬೆಟ್ಟಕ್ಕೆ ಹೊರಟೆವು. ಬೆಟ್ಟದ ರಸ್ತೆ ಅಜ್ಜೀಪುರದ ಮೇಲೆಯೇ ಹೋಗುತ್ತದೆ. ಅದಕ್ಕೂ ಅತ್ತೆ ಉಪಾಯ ಹುಡುಕಿದ್ದರು.

"ತುಳಿಯಲ್ಲ ಅಂದಿದ್ದು ಕಾಲಲ್ಲಿ, ಟೈರಲ್ಲಿ ಅಲ್ಲ" ಎಂದು, ನನ್ನ ಗಂಡ ಚನ್ನಬಸವನ ಪೆಟ್ರೋಲ್ ಮಿನಿ ಲಾರಿಯ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಹಿಂದೆ, ಪಾತ್ರೆಗಳ ಜೊತೆ.

ಆ ಗಾಡಿಯ ಇಂಜಿನ್ ಇರುವುದು ಆ ಸೀಟಿನ ಕೆಳಗೇ. ಸ್ಪಾರ್ಕ್ ಪ್ಲಗ್ ಬದಲಿಸಿ ಎಂದು ಕೊಳ್ಳೇಗಾಲದ ಮೆಕ್ಯಾನಿಕ್ ಯಾವಾಗಲೋ ಹೇಳಿದ್ದ. ಸೀಟು ಬಿಚ್ಚಿದರೆ ಹೊಸ ಕವರು ಕೊಳೆಯಾಗುತ್ತದಂತೆ, ನಮ್ಮ ಯಜಮಾನರು ಮುಂದಕ್ಕೆ ಹಾಕುತ್ತಲೇ ಬಂದರು. ಕೊಂಡುತಂದ ಹೊಸ ಪ್ಲಗ್ಗುಗಳು ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಡ್ಯಾಶ್‌ಬೋರ್ಡಿನ ಮೇಲೆ ದೇವರಂತೆ ಕೂತಿದ್ದವು. ಕಾಮಗೆರೆ ದಾಟಿದ್ದೇ ಗಾಡಿ ಕೆಮ್ಮತೊಡಗಿತು. ಹನೂರಿನಲ್ಲಿ ತೋರಿಸಿ ಅಂತ ನಾನು ಹಿಂದಿನಿಂದ ಬಡಿದರೆ ಕೇಳುವವರಾರು? ಅಜ್ಜೀಪುರದಲ್ಲಿ ನಿಂತೇಹೋಯಿತು. ಅಲ್ಲಿನ ಮೆಕ್ಯಾನಿಕ್ ಮಂಟೇಸ್ವಾಮಿಯ ಶೆಡ್ಡು ಇರುವುದು ನಮ್ಮಪ್ಪನ ಮನೆಯ ಪಕ್ಕದಲ್ಲಿ. ಗಾಡಿಯನ್ನು ಅಲ್ಲಿಗೇ ತಳ್ಳಿದರು.

"ಅಮ್ಮಾ, ವಸಿ ಇಳೀರಿ. ಸೀಟ್ ಎತ್ಬೇಕು" ಅಂದ ಮಂಟೇಸ್ವಾಮಿ.

"ಇಳಿಯಲ್ಲ ಕಣಪ್ಪ. ಆಣೆ ಅದೆ" ಅಂದರು ಅತ್ತೆ.

"ಪ್ಲಗ್ ನಿಮ್ ಬುಡದಲ್ಲೇ ಅದೆ ಕಣವ್ವ!"

"ಪಕ್ಕದಿಂದ ಕೈ ಆಕು."

ಪಾಪ, ಅವನು ಹಾಕಿಯೂ ನೋಡಿದ. ಬೆರಳ ಗೆಣ್ಣು ತರಚಿಕೊಂಡು ಕೈ ಹೊರಗೆಳೆದ. ಅಪ್ಪ ಜಗಲಿಯ ಮೇಲೆ ಕಂಬದಂತೆ ನಿಂತಿದ್ದ. ಅವ್ವ ಬಾಗಿಲಲ್ಲಿ, ಕಣ್ಣೆಲ್ಲ ಮಗುವಿನ ಮೇಲೆ. ನನಗೆ ತಲೆ ಕೆಟ್ಟುಹೋಯಿತು.

"ಸೀಟ್ ಸಮೇತ ಎತ್ತಿ ಅತ್ಲಾಗೆ ಮಡಗ್ರಿ!" ಎಂದು ಕಿರುಚಿದೆ.

ಸಿಟ್ಟಿಗೆ ಆಡಿದ ಮಾತು ಅದು. ಅತ್ತೆ ಮಾತ್ರ ಗಂಭೀರವಾಗಿ, "ನಮ್ ಸೊಸೆ ನಾಗಶ್ರೀ ಯೋಳ್ದಂಗ್ ಮಾಡಿ. ಮಣ್ಣ್ ಮ್ಯಾಲೆ ಮಡಗ್ಬ್ಯಾಡಿ" ಅಂದರು.

ಬೋಲ್ಟು ಬಿಚ್ಚಿದರು. ಮಣ್ಣಿಲ್ಲದ ಜಾಗ ಅಂತ ಅಲ್ಲಿದ್ದದ್ದು ನಮ್ಮಪ್ಪನ ಮನೆಯ ಸಿಮೆಂಟಿನ ಜಗಲಿ ಒಂದೇ. ಗಂಡ, ಮಂಟೇಸ್ವಾಮಿ, ಟೀ ಅಂಗಡಿಯವನೊಬ್ಬ ಹಿಡಿದರು. ನಾಲ್ಕನೇ ಮೂಲೆಗೆ ಯಾರೂ ಸಿಗದೆ ಅಪ್ಪನೇ ಕೆಳಗಿಳಿದು ಬಂದು ಕೈ ಕೊಟ್ಟ. ಕಾಲು ಮಡಚಿಕೊಂಡು, ಮಗುವನ್ನು ಅವುಚಿಕೊಂಡು ಅತ್ತೆ ಮೆರವಣಿಗೆ ಹೋದರು.

ಜಗಲಿ ಮುಟ್ಟಿದ್ದೇ ಅವ್ವ ಕೈ ಚಾಚಿದಳು. ಅತ್ತೆ ಒಂದು ಗಳಿಗೆ ಅವಳ ಮುಖ ನೋಡಿ, ಮಗುವನ್ನು ಕೊಟ್ಟರು. ನಾನು ಬೀದಿಯಲ್ಲೇ ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ.

ಎರಡು ಪ್ಲಗ್ಗು ಸಲೀಸಾಗಿ ಬಂದವು. ಮೂರನೆಯದು ಆಳದ ಮೂಲೆಯಲ್ಲಿ ತುಕ್ಕು ಹಿಡಿದು ಕೂತಿತ್ತು. ಮಂಟೇಸ್ವಾಮಿ ಪಾನಾಕ್ಕೆ ಸರಳು ಜೋಡಿಸಿ, ಎಣ್ಣೆ ಬಿಟ್ಟು, ಬೈದು, ಮತ್ತೆ ಎಣ್ಣೆ ಬಿಟ್ಟು ತಿರುವುತ್ತಿದ್ದ. ಅಷ್ಟರಲ್ಲಿ ಊಟದ ಹೊತ್ತಾಯಿತು. ಅಪ್ಪ ತಾನೇ ಎಲೆ ತಂದು ಸೀಟಿನ ಮುಂದೆ ಹಾಸಿ, "ಮೊದ್ಲ್ನೇ ಪಂಕ್ತಿ ಕಣ್ರವ್ವ" ಅಂದ. ಅತ್ತೆ ಅವರೆಕಾಳಿನ ಸಾರನ್ನು ಇನ್ನೊಂದು ಸಲ ಹಾಕಿಸಿಕೊಂಡರು.

ಕೊನೆಗೂ ಮೂರನೆಯದು ಬಂತು. ಕುಂಕುಮ ಒರೆಸಿ ಹೊಸವನ್ನು ಕೂರಿಸಿದಾಗ ಇಂಜಿನ್ ಒಂದೇ ಏಟಿಗೆ ಶುರುವಾಯಿತು. ಅತ್ತೆಯನ್ನು ಬಂದ ಹಾಗೆಯೇ ಹೊತ್ತು ಗಾಡಿಗೆ ಸೇರಿಸಿದರು. ಮಗು ಅವ್ವನ ಸೆರಗು ಬಿಡದೆ ಚೀರತೊಡಗಿತು.

"ಈ ಪ್ಲಗ್ ಎಷ್ಟ್ ದಿನಕ್ ಬತ್ತದಪ್ಪ?" ಎಂದು ಕೇಳಿದರು ಅತ್ತೆ.

"ಇನ್ನೆರಡು ವರ್ಸ ಯೋಚ್ನೆ ಇಲ್ಲ ಕಣವ್ವ" ಅಂದ ಮಂಟೇಸ್ವಾಮಿ, ಹೆಮ್ಮೆಯಿಂದ.

ಅತ್ತೆಯ ಮುಖ ಸಪ್ಪಗಾಯಿತು. ಅಳುತ್ತಿದ್ದ ಮಗುವನ್ನು ನೋಡಿದರು, ಅವ್ವನನ್ನು ನೋಡಿದರು.

"ನಂಗ್ಯಾಕೋ ನಂಬ್ಕೆ ಬರಾಕಿಲ್ಲ. ಬರೋ ತಿಂಗ್ಳು ಇಲ್ಗೇ ತಂದು ತೋರುಸ್ತೀವಿ" ಅಂದರು. ಆಮೇಲೆ ಪಾನಾ ಹಿಡಿದು ಬಗ್ಗಿದ್ದವನಿಗೆ, "ಸೀಟಿನ್ ಬೋಲ್ಟ್ ಅಷ್ಟೊಂದು ಬಿಗೀಬ್ಯಾಡ ಕಣಪ್ಪ" ಅಂದರು.